ಗ್ಲ್ಯಾಡ್ ಅಂದರೆ ಎಷ್ಟು ನಂಬರು?

ಮಾರ್ಚ್ 4

ಲೆನ್ಸ್ ಉಜ್ಜುವ ಚಕ್ರಕ್ಕೆ ಇವತ್ತೂ ನೀರು ಸರಿಯಾಗಿ ಬರಲಿಲ್ಲ. ಪೈಪು ಬಿಚ್ಚಿ ಬಾಯಲ್ಲಿ ಊದಿದೆ. ಮುಖಕ್ಕೆಲ್ಲ ಗಾಜಿನ ಕೆಸರು. ಮೂರು ಕನ್ನಡಕ ಕೊಡಬೇಕಿತ್ತು, ಒಂದು ಕೊಟ್ಟೆ. ಉಳಿದವರಿಗೆ ನಾಳೆ ಬನ್ನಿ ಅಂದೆ. ಒಬ್ಬರು ಮುಖ ಗಂಟಿಕ್ಕಿಕೊಂಡು ಹೋದರು. ಕನ್ನಡಕವಿಲ್ಲದೆ ಬಂದಿದ್ದರು, ನಾನು ಹಲ್ಲು ಕಿರಿದದ್ದು ಅವರಿಗೆ ಕಂಡಿರಲಿಕ್ಕಿಲ್ಲ. ವ್ಯರ್ಥ.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ. ಅವಳ ಅಕ್ಕ ಫೋನ್ ಮಾಡಿದ್ದರಂತೆ. ಇವಳ ಮಗಳ ಸ್ಕೂಲು ಮುಗಿಯಿತಲ್ಲ, ಮುಂದಿನ ಎರಡು ವರ್ಷ ತಮ್ಮ ಊರಿಗೆ ಕಳಿಸಿ ಅಂತ. ಒಳ್ಳೆಯ ಕಾಲೇಜು, ಅವಳಿಗೇ ಬೇರೆ ಕೋಣೆ. ‘ನಿಮ್ಮದೂ ಹೊಸ ಸಂಸಾರ, ಅನುಕೂಲ ಆಗುತ್ತೆ’ ಅಂದರಂತೆ. ತಿಂಗಳ ಕೊನೆಯೊಳಗೆ ಹೇಳಬೇಕು.

“ಅವಳೇನಂದ್ಲು?”

“‘ನಿಮ್ಮಿಬ್ರ ಖುಷಿ’ ಅಂದ್ಲು.”

ನಮ್ಮ ಖುಷಿ. ಅಂದರೆ ಏನು? ನಮಗೆ ಸಂತೋಷವಾಗುವ ಹಾಗೆ ಮಾಡಿ ಅಂತಲೋ, ಏನಾದರೂ ಮಾಡಿಕೊಳ್ಳಿ ನನಗೇನು ಅಂತಲೋ?

ನಾವು ಮದುವೆಯಾಗಿ ಒಂದೂವರೆ ತಿಂಗಳು. ನನಗೆ ಮೊದಲನೆಯದು, ನಲವತ್ತೆಂಟಕ್ಕೆ. ಹೆಂಡತಿಯ ಮೊದಲ ಗಂಡ ತೀರಿಕೊಂಡಾಗ ಹುಡುಗಿ ಒಂದನೇ ಕ್ಲಾಸು. ಈಗ ಅವಳು ಹೋದರೆ ನನ್ನಿಂದಾಗಿ ಹೋದ ಹಾಗೆ. ಹೆಂಡತಿ ಹಾಗೆ ಹೇಳುವವಳಲ್ಲ. ಆದರೆ ಒಲೆ ಹಚ್ಚದೆ ನಿಂತಿದ್ದಳಲ್ಲ.

ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಆದ ಮೇಲೆ ಹುಡುಗಿ ತಾಯಿಯನ್ನು ತಬ್ಬಿಕೊಂಡು ಅಂದದ್ದು— “ಐ ಆಮ್ ಗ್ಲ್ಯಾಡ್ ಫಾರ್ ಯೂ, ಅಮ್ಮ.” ಆಮೇಲೆ ನನ್ನ ಕಡೆ ಕೈ ಚಾಚಿ— “ಪ್ಲೀಸ್ಡ್ ಟು ಮೀಟ್ ಯೂ.” ಅಷ್ಟರಲ್ಲಿ ನಾವು ಐದಾರು ಸಲ ಭೇಟಿಯಾಗಿದ್ದೆವು!

ಮನಸ್ಸಿನದು ಏನಿದ್ದರೂ ಅವಳು ಇಂಗ್ಲಿಷಿನಲ್ಲೇ ಹೇಳುವುದು. ಹ್ಯಾಪಿ ಅನ್ನಬಹುದಿತ್ತು. ಅನ್ನಲಿಲ್ಲ. ಗ್ಲ್ಯಾಡ್ ಅಂದಳು. ಒಂದೂವರೆ ತಿಂಗಳಿಂದ ಈ ಗ್ಲ್ಯಾಡ್ ಹಲ್ಲಿನ ಸಂದಿನ ನಾರಿನ ಹಾಗೆ ಸಿಕ್ಕಿಕೊಂಡಿದೆ.

ಮಾರ್ಚ್ 5

ತಟ್ಟೆ ಒಡೆದೆ. ಹೆಂಡತಿಗೆ ಪ್ರಿಯವಾದ ನೀಲಿ ಅಂಚಿನದು. ಚೂರು ನೋಡಿ “ಬಹಳ ಸಂತೋಷ” ಅಂದಳು.

ಕನ್ನಡದ ಸಂತೋಷವೇ ಹೀಗೆ ಕೈ ಕೊಟ್ಟರೆ ಇಂಗ್ಲಿಷಿನದನ್ನು ಏನಂತ ನಂಬುವುದು?

ಮಾರ್ಚ್ 6

ಹುಡುಗಿ ನನ್ನನ್ನು ಏನಂತಲೂ ಕರೆಯುವುದಿಲ್ಲ. ಅಂಕಲ್ ಅಲ್ಲ. ಅಪ್ಪ ಅಂತೂ ಅಲ್ಲ— ಅದನ್ನು ನಾನೂ ಕೇಳುವುದಿಲ್ಲ, ಆ ಜಾಗದಲ್ಲಿ ಒಬ್ಬರಿದ್ದರು. ಏನಾದರೂ ಬೇಕಾದರೆ ಮೇಜಿನ ಮೇಲೆ ಎರಡು ಸಲ ತಟ್ಟುತ್ತಾಳೆ, ಬ್ಯಾಂಕಿನ ಕೌಂಟರಿನಲ್ಲಿ ತಟ್ಟುವ ಹಾಗೆ. ತಿರುಗಿದರೆ, “ಉಪ್ಪು ಕೊಡ್ತೀರಾ?” ನೀವು, ತಾವು, ಬನ್ನಿ, ಹೋಗಿ. ನೀರಿನ ಮೀಟರ್ ಓದಲು ಬರುವವನಿಗೂ ಹಾಗೇ ಅನ್ನುತ್ತಾಳೆ. ಒಳ್ಳೆಯ ನಡತೆ, ತಪ್ಪು ಹುಡುಕುವಂತಿಲ್ಲ.

ನಾನೂ ಅಷ್ಟೇ. ತಾಯಿ ಅವಳನ್ನು ಗುಂಡಿ ಅನ್ನುತ್ತಾಳೆ. ಎರಡು ವರ್ಷದವಳಿದ್ದಾಗ ಅಪ್ಪನ ಅಂಗಿಯ ಗುಂಡಿ ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಳಂತೆ. ಆ ಹೆಸರು ಆ ಮನೆಯವರದು. ನಾನು “ನೋಡಮ್ಮ” ಅಂದು ಸುಮ್ಮನಾಗುತ್ತೇನೆ. ಎಷ್ಟು ದಿನ ಅಂತ ನೋಡಮ್ಮ ನೋಡಮ್ಮ…

ಮಾರ್ಚ್ 8

ಮೇಷ್ಟ್ರು ಬಂದಿದ್ದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಹಳೆಯ ಗಿರಾಕಿ. ಕನ್ನಡಕವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂರುವುದು ಅವರ ಹವ್ಯಾಸ. ಫ್ರೇಮಿನ ಕಾಲು ನೆಟ್ಟಗೆ ಮಾಡುತ್ತಾ ಸುಮ್ಮನೆ ಕೇಳುವವನಂತೆ ಕೇಳಿದೆ— “ಗ್ಲ್ಯಾಡ್ ಅಂದ್ರೂ ಸಂತೋಷ, ಹ್ಯಾಪಿ ಅಂದ್ರೂ ಸಂತೋಷ. ಅಲ್ವಾ ಸಾರ್?”

“ಅಯ್ಯೋ, ಎಲ್ಲಾದ್ರೂ ಉಂಟೇ!” ಅಂದರು.

ನಿವೃತ್ತರಿಗೆ ಪ್ರಶ್ನೆ ಕೇಳಬಾರದು. ಇಬ್ಬರು ಗಿರಾಕಿಗಳು ಕಾದು ಕಾದು ಹೋದರು.

ನೆನಪಿರುವಷ್ಟು ಬರೆದಿಡುತ್ತೇನೆ. ಹ್ಯಾಪಿ ಅನ್ನುವುದು ಮನುಷ್ಯ ಇರುವ ರೀತಿ, ಕಾರಣ ಕೇಳಬಾರದು. ಗ್ಲ್ಯಾಡ್‌ಗೆ ಕಾರಣ ಬೇಕು. ಬಸ್ಸು ಸಿಕ್ಕಿತು, ಗ್ಲ್ಯಾಡ್. ಜ್ವರ ಬಿಟ್ಟಿತು, ಗ್ಲ್ಯಾಡ್. ನಾವು ‘ಸದ್ಯ!’ ಅನ್ನುತ್ತೇವಲ್ಲ, ಅದು ಸ್ವಲ್ಪ ಅದರೊಳಗೆ ಸೇರಿದೆ. ಪ್ಲೀಸ್ಡ್ ಅಂದರೆ ಯಾರೋ ಮಾಡಿದ್ದು ನಮಗೆ ಒಪ್ಪಿಗೆಯಾಯಿತು ಅಂತ. ಹೆಡ್‌ಮಾಸ್ತರರು ಪ್ಲೀಸ್ಡ್ ಆಗುತ್ತಾರೆ. ಆದರೆ ಪ್ಲೀಸ್ಡ್ ಟು ಮೀಟ್ ಯೂ ಬರೀ ಉಪಚಾರ, ಅದರಲ್ಲಿ ಏನೂ ಇಲ್ಲ. ಕಂಟೆಂಟ್ ಅಂದರೆ ಇದ್ದದ್ದೇ ಸಾಕು, ಇನ್ನು ಬೇಡ. ಜಾಯ್ ತುಂಬಿ ಚೆಲ್ಲುವಂಥದು. ಡಿಲೈಟೆಡ್ ಅಂದರೆ ಜೀವ ಒಂದು ಸಲ ಕುಣಿದುಬಿಡುವುದು, ದೊಡ್ಡ ಪದ. ಮರ್ಯಾದೆಗೂ ಬಳಸುತ್ತಾರೆ. ಯಾರಾದರೂ ಊಟಕ್ಕೆ ಕರೆದರೆ ‘ಡಿಲೈಟೆಡ್’ ಅನ್ನಬೇಕು.

“ಹಾಗಾದ್ರೆ ಗ್ಲ್ಯಾಡ್ ಕಾಲು ನಂಬರು, ಡಿಲೈಟೆಡ್ ನಾಲ್ಕು ನಂಬರು” ಅಂದೆ.

“ನಂಬರಲ್ಲ ಕಣ್ರೀ, ಬಣ್ಣ ಅನ್ನಿ.”

ನನ್ನ ಅಂಗಡಿಯಲ್ಲಿ ಬಣ್ಣದ ಗಾಜಿಗೂ ನಂಬರಿದೆ. ಹೇಳಲಿಲ್ಲ.

“ಗ್ಲ್ಯಾಡ್ ಫಾರ್ ಯೂ ಅಂದ್ರೆ?”

“ನಿಮಗೆ ಒಳ್ಳೇದಾಯ್ತು, ಅದು ನನಗೆ ಸಂತೋಷ.”

“ಅಂದೋರಿಗೆ ಒಳ್ಳೇದಾಯ್ತಾ?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. “ಅದನ್ನ ಆ ಮಾತು ಹೇಳೋದಿಲ್ಲ” ಅಂದರು.

ಮಧ್ಯಾಹ್ನದ ಮೇಲೆ ಕೈಗೆ ಕೆಲಸ ಹತ್ತಲಿಲ್ಲ.

ಮಾರ್ಚ್ 9

ಹೆಂಡತಿಯನ್ನೇ ಕೇಳಿದೆ. “ನೀನು ಹ್ಯಾಪಿಯಾ, ಕಂಟೆಂಟಾ?”

ಅವಳಿಗೆ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಲ್ಲಿ ಅಕ್ಷರ ಬರೆಯುವ ಕೆಲಸ. ಮಣಿಕಟ್ಟು ನೋಯುತ್ತದೆ ಅಂತ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

“ಬೆಳಿಗ್ಗೆಯಿಂದ ಹ್ಯಾಪಿ ಬರೆದೂ ಬರೆದೂ ಕೈ ಸೋತಿದೆ. ಆ ಶಬ್ದ ನನ್ನ ಮುಂದೆ ಎತ್ತಬೇಡಿ” ಅಂದಳು. ಆಮೇಲೆ ಅವಳೇ, “ನೀವು ಯಾವುದು?”

“ನಾನು… ಕಾಂಟೆಂಟ್.”

ಬಾಗಿಲ ಹತ್ತಿರದಿಂದ ನಗು ಕೇಳಿಸಿತು. ಹುಡುಗಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ನೀವು ವಿಡಿಯೋ ಮಾಡ್ತೀರಾ?” ಅಂದಳು.

ಕಾಂಟೆಂಟ್ ಅಂದರೆ ಫೋನಿನಲ್ಲಿ ನೋಡುವ ಸರಕಂತೆ. ಕಂಟೆಂಟ್ ಅಂದರೆ ಮಾತ್ರ ನೆಮ್ಮದಿಯಂತೆ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ, ಒತ್ತು ಬೇರೆ. ನಾಲಿಗೆ ಒಂದು ಕೂದಲೆಳೆ ಜಾರಿದರೆ ನೆಮ್ಮದಿ ಹೋಗಿ ಸರಕಾಗುತ್ತದೆ. ಇಂಥ ಭಾಷೆಯನ್ನು ಕಟ್ಟಿಕೊಂಡು ಅವರೆಲ್ಲ ಹೇಗೆ ಏಗುತ್ತಾರೋ.

ಆದರೆ ನಕ್ಕಳು. ಈ ಮನೆಯಲ್ಲಿ ನನ್ನ ಮಾತಿಗೆ ಮೊದಲ ಸಲ. ನಾನೂ ನಕ್ಕೆ. ಹೆಂಡತಿ ನಮ್ಮಿಬ್ಬರ ಮುಖವನ್ನೂ ನೋಡಿದಳು, ಬಿಸಿನೀರಿನಿಂದ ಕೈ ತೆಗೆಯುವುದನ್ನೇ ಮರೆತಳು.

ಮಾರ್ಚ್ 12

ಹುಡುಗಿ ಅಂಗಡಿಗೆ ಬಂದಿದ್ದಳು. ಹಳೆಯ ಕನ್ನಡಕದಲ್ಲಿ ಬಸ್ಸಿನ ನಂಬರು ಕಾಣುತ್ತಿಲ್ಲವಂತೆ. ಪರೀಕ್ಷೆಗೆ ಕೂರಿಸಿದೆ. ಲೆನ್ಸ್ ಬದಲಿಸುತ್ತಾ ಎಲ್ಲರಿಗೂ ಕೇಳುವುದನ್ನೇ ಕೇಳಿದೆ— “ಇದು ಚೆನ್ನಾಗಿದೆಯಾ? ಇದಾ?”

“ಎರಡೂ ಒಂದೇ.”

“ಸರಿಯಾಗಿ ನೋಡು. ಇದಾ… ಇದಾ?”

“ಎರಡನೇದು. ಸ್ವಲ್ಪ.”

ಕಾಲು ನಂಬರಿನ ವ್ಯತ್ಯಾಸ. ಎಲ್ಲರೂ ಮೊದಲು ಒಂದೇ ಅನ್ನುತ್ತಾರೆ. ಕಣ್ಣಿಗೆ ನಾನು ಇಷ್ಟು ತಾಳ್ಮೆಯಿಂದ ಕೇಳುತ್ತೇನೆ, ಮನಸ್ಸಿನದನ್ನು ಹೀಗೆ ಕೇಳಲು ಬರುವುದಿಲ್ಲವಲ್ಲ ಅನ್ನಿಸಿತು.

ಫ್ರೇಮು ಅವಳೇ ಆರಿಸಿದಳು. ದುಂಡನೆಯದು, ತೆಳು ತಂತಿಯದು. ಆ ಜಾತಿಯ ಫ್ರೇಮಿನ ಸ್ಕ್ರೂ ಬೇಗ ಸಡಿಲವಾಗುತ್ತದೆ, ಬೇಡ ಅಂದೆ. ಅದೇ ಬೇಕು ಅಂದಳು. ಅಲ್ಲೇ ಕೂರಿಸಿ ಲೆನ್ಸ್ ಉಜ್ಜಿಕೊಟ್ಟೆ. ಚಕ್ರಕ್ಕೂ ಇವತ್ತು ಮರ್ಯಾದೆ ಬಂದಿತ್ತು, ನೀರು ಸರಾಗ ಹರಿಯಿತು. ಹಾಕಿಕೊಂಡು ಎದುರು ರಸ್ತೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು, ಚಿಕ್ಕ ಮಗುವಿನ ಹಾಗೆ.

ಹೊರಡುವಾಗ ಕೌಂಟರಿನ ಮೇಲೆ ಟಕ್ ಟಕ್.

“ನಾನು ದೊಡ್ಡಮ್ಮನ ಮನೇಗೆ ಹೋದ್ರೆ ನಿಮಗೆ ಓಕೆನಾ?”

ಹೋಗಬೇಡ ಅನ್ನಬೇಕು ಅಂತ ಬಾಯಿ ತನಕ ಬಂತು. ಹೋಗಬೇಡ ಅನ್ನಲು ನಾನು ಯಾರು? ಒಂದೂವರೆ ತಿಂಗಳ ಮನುಷ್ಯ. ಅವಳ ಓದು, ಅವಳ ದಾರಿ.

“ನಿನ್ನ ಖುಷಿ” ಅಂದೆ.

ತಲೆಯಾಡಿಸಿ ಹೋದಳು. ಒತ್ತಾಯವಿಲ್ಲ ಅನ್ನುವ ಅರ್ಥದಲ್ಲಿ ಅಂದದ್ದು. ಅವಳಿಗೆ ಹಾಗೇ ಕೇಳಿಸಿರಬಹುದು. ಅಲ್ಲವೇ?… ಅವಳು ಅಂದಾಗ ನನಗೆ ಹೇಗೆ ಕೇಳಿಸಿತ್ತು?

ಮಾರ್ಚ್ 15

ಹೆಂಡತಿಯ ಅಕ್ಕನಿಂದ ನನಗೇ ನೇರ ಮೆಸೇಜು, ಇಂಗ್ಲಿಷಿನಲ್ಲಿ. ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಓದಿಸಲು ತಮಗೆ ಹ್ಯಾಪಿ, ನಿಮ್ಮ ಅಭಿಪ್ರಾಯವೇನು ಅಂತ. ದೊಡ್ಡ ಮನಸ್ಸಿನ ಹೆಂಗಸು. ಪ್ರತಿ ತಿಂಗಳೂ ಇವರಿಬ್ಬರನ್ನು ಬಂದು ನೋಡಿಕೊಂಡು ಹೋಗುತ್ತಿದ್ದರಂತೆ, ಕಷ್ಟದ ದಿನಗಳಲ್ಲಿ.

ಅವರು ಕರೆದಿದ್ದಾರೆ. ಕರೆದಾಗ ಏನನ್ನಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರಲ್ಲ. ಗ್ಲ್ಯಾಡ್ ಅಂದರೆ ಜಿಪುಣತನ, ಅದರಲ್ಲಿ ‘ಸದ್ಯ!’ ಬೇರೆ ಇದೆ. ಪ್ಲೀಸ್ಡ್ ಅಂದರೆ ನಾನು ಹೆಡ್‌ಮಾಸ್ತರ ಆಗುತ್ತೇನೆ. ಕಂಟೆಂಟ್ ಸಹವಾಸವೇ ಬೇಡ. ಬಹಳ ಯೋಚಿಸಿ ಒಂದೇ ಪದ ಬರೆದೆ.

ಡಿಲೈಟೆಡ್! ಆಶ್ಚರ್ಯಸೂಚಕ ಚಿಹ್ನೆಯೂ ಹಾಕಿದೆ.

ಅವಳು ಹೋಗುವುದು ನನಗೆ ಇಷ್ಟವಿಲ್ಲ. ಅದು ಬೇರೆ ಮಾತು. ಅಕ್ಕನ ಔದಾರ್ಯಕ್ಕೆ ಸಲ್ಲಬೇಕಾದ್ದು ಸಲ್ಲಬೇಕು. ತಕ್ಷಣ ನಗುಮುಖದ ಚಿತ್ರ ಬಂತು. ಸರಿಯಾಗಿಯೇ ಬರೆದೆ ಅನ್ನಿಸುತ್ತದೆ. ನಾಳೆ ಮೇಷ್ಟ್ರಿಗೆ ಹೇಳಬೇಕು.

ಮಾರ್ಚ್ 21

ಏನಾಗಿದೆ ಈ ಮನೆಗೆ?

ಐದು ದಿನದಿಂದ ಹುಡುಗಿ ನನ್ನ ಹತ್ತಿರ ಮಾತಾಡಿಲ್ಲ. ಮೇಜು ಕೂಡ ತಟ್ಟುವುದಿಲ್ಲ. ಉಪ್ಪು ಬೇಕಾದರೆ ಎದ್ದು ಸುತ್ತು ಹಾಕಿ ಬಂದು ತಾನೇ ತೆಗೆದುಕೊಳ್ಳುತ್ತಾಳೆ. ನಾನು ಬಂದರೆ ಕೋಣೆಗೆ ಹೋಗುತ್ತಾಳೆ. ಇವತ್ತು ನೋಡಿದರೆ ಅಟ್ಟದ ಮೇಲಿದ್ದ ಸೂಟ್‌ಕೇಸು ಕೆಳಗಿದೆ. ಧೂಳು ಒರೆಸಿದೆ.

ಚಕ್ರದ ಕೆಸರು ಬಚ್ಚಲಲ್ಲಿ ತೊಳೆದದ್ದಕ್ಕಾ? ಕಾಂಟೆಂಟ್ ಅಂದದ್ದಕ್ಕಾ? ಒಂದೊಂದೇ ನೆನೆದುಕೊಂಡು ಕೂತೆ. ಹೊಳೆಯಲಿಲ್ಲ.

ಹೆಂಡತಿಯನ್ನು ಕೇಳಿದೆ. “ನಾಡಿದ್ದು ಬೆಳಿಗ್ಗೆ ಬಸ್ಸಿಗೆ ಹೊರಡ್ತೀವಿ. ಕಾಲೇಜು ನೋಡಿ, ಒಪ್ಪಿಗೆ ಆದ್ರೆ ಹೆಸರು ಕೊಟ್ಟು ಬರೋದು” ಅಂದಳು. ಮುಖ ಎತ್ತಲಿಲ್ಲ. ಒಂದು ಕ್ಷಣ ಬಿಟ್ಟು, “ಸಂತೋಷ ಆಯ್ತಲ್ಲ?”

ಇದು ತಟ್ಟೆ ಒಡೆದ ದಿನದ ಸಂತೋಷ. ಆದರೆ ಒಡೆದದ್ದು ಏನು?

ಮಾರ್ಚ್ 22

ಗೊತ್ತಾಯಿತು. ಗೊತ್ತಾಗದೇ ಇದ್ದರೆ ಒಳ್ಳೆಯದಿತ್ತು.

ಹೆಂಡತಿ ಸಂಜೆ ಹುಡುಗಿಯ ಫೋನು ತಂದು ನನ್ನ ಮುಂದೆ ಹಿಡಿದಳು. ಅಕ್ಕ ನನ್ನ ಮೆಸೇಜನ್ನು ಹುಡುಗಿಗೆ ಕಳಿಸಿದ್ದಾರೆ. ಕೆಟ್ಟದ್ದಕ್ಕಲ್ಲ. ‘ನೋಡು ಮಗಳೇ, ಅವರಿಗೂ ಒಪ್ಪಿಗೆ, ನೀನೇನೂ ಸಂಕೋಚ ಪಡಬೇಡ’ ಅಂತ ಬರೆದು, ಕೆಳಗೆ ನನ್ನ ಡಿಲೈಟೆಡ್. ಆಶ್ಚರ್ಯಸೂಚಕದ ಸಮೇತ.

“ಅವಳು ಹೋಗೋದು ಅಂದ್ರೆ ಕುಣಿಯೋ ಅಷ್ಟು ಸಂತೋಷಾನಾ ನಿಮಗೆ? ನನಗಾದ್ರೂ ಒಂದು ಮಾತು ಹೇಳ್ಬಾರದಿತ್ತಾ?”

ಊಟಕ್ಕೆ ಕರೆದರೆ ಹಾಗನ್ನಬೇಕು ಅಂದೆ. ಯಾವ ಊಟ ಅಂದಳು. ಮೇಷ್ಟ್ರು ಅಂದೆ. ಯಾವ ಮೇಷ್ಟ್ರು ಅಂದಳು. ಗ್ಲ್ಯಾಡು, ನಂಬರು, ಬಣ್ಣ, ಹೆಡ್‌ಮಾಸ್ತರು ಎಲ್ಲ ಹೇಳಿದೆ. ನಡುವೆ ಎಲ್ಲೋ ಅವಳಿಗೆ ನಗು ಬಂತು. ನಗುತ್ತಲೇ ಅತ್ತಳು.

“ಹೋಗಿ ಅವಳಿಗೆ ಹೇಳಿ.”

ಹೋದೆ. ಬಾಗಿಲು ಹಾಕಿತ್ತು. ತಟ್ಟಬೇಕು ಅಂತ ಕೈ ಎತ್ತಿದೆ— ಎರಡು ಸಲ ತಟ್ಟಿದರೆ ಅಣಕಿಸಿದ ಹಾಗೆ ಆಗುತ್ತದಾ? ಒಂದೇ ಸಲ ತಟ್ಟಿದೆ. ತೆರೆಯಲಿಲ್ಲ. ಬಾಗಿಲಿಗೇ ಹೇಳಿದೆ, “ನೋಡಮ್ಮ, ಅದು ತಪ್ಪು ಪದ.” ಒಳಗಿನಿಂದ, “ಇಟ್ಸ್ ಫೈನ್.”

ಫೈನ್ ಅಂದರೆ ಚೆನ್ನಾಗಿದೆ ಅಂತಲೂ ಅರ್ಥ, ದಂಡ ಅಂತಲೂ ಅರ್ಥ. ಇಷ್ಟು ನನಗೂ ಗೊತ್ತು.

ಮಾರ್ಚ್ 23, ಬೆಳಿಗ್ಗೆ ಎಂಟು

ಬಸ್ ಹತ್ತಿಸಿ ಬಂದೆ. ಸೂಟ್‌ಕೇಸು ನಾನೇ ಹೊತ್ತೆ. ಭಾರವಿತ್ತು. ಕಾಲೇಜು ನೋಡಿ ಬರುವವರಿಗೆ ಇಷ್ಟು ಬಟ್ಟೆ ಯಾಕೆ?

ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತು, “ಗ್ಲ್ಯಾಡ್ ಅಲ್ಲ, ಡಿಲೈಟೆಡ್ ಅಲ್ಲ, ಯಾವುದೂ ಅಲ್ಲ!” ಅಂತ ಕೂಗಿದೆ. ಅವಳ ಕಿವಿಯಲ್ಲಿ ಹಾಡು ಕೇಳುವ ವೈರಿತ್ತು. ಪಕ್ಕದ ಸೀಟಿನ ಮುದುಕರೊಬ್ಬರು ನನ್ನ ಕಡೆ ಕೈ ಬೀಸಿದರು, ತಮ್ಮನ್ನೇ ಬೀಳ್ಕೊಡಲು ಬಂದೆ ಅಂದುಕೊಂಡು. ನಾನೂ ಬೀಸಿದೆ. ಏನು ಮಾಡಲಿ.

ಮನೆ ಬಿಕೋ ಅನ್ನುತ್ತಿದೆ. ಹತ್ತಾರು ವರ್ಷ ಒಂಟಿಯಾಗಿದ್ದವನು ನಾನು. ಆಗ ಯಾವ ಮನೆಯೂ ಹೀಗೆ ಅನ್ನಲಿಲ್ಲ.

ಮಾರ್ಚ್ 24

ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ತಪ್ಪು ತಿದ್ದುವ ಒಂದು ಇಂಗ್ಲಿಷ್ ವಾಕ್ಯ ಬರೆಸಿಕೊಳ್ಳೋಣ ಅಂತ. ಮನೆಗೆ ಬೀಗ. ತಮ್ಮನ ಮನೆಗೆ ಹೋಗಿದ್ದಾರೆ ಅಂದರು ಪಕ್ಕದವರು.

ನಾನೇ ಕೂತೆ. ‘ಐ ಆಮ್ ನಾಟ್ ಹ್ಯಾಪಿ’ ಬರೆದೆ. ಅವಳ ಮೇಲೆ ಸಿಟ್ಟು ಅಂತ ಅರ್ಥ ಬರುತ್ತದಲ್ಲ? ಅಳಿಸಿದೆ. ‘ಐ ಆಮ್ ಅನ್‌ಹ್ಯಾಪಿ.’ ಕಾಯಿಲೆ ಬಿದ್ದವರ ಹಾಗೆ ಕಾಣಿಸಿತು. ‘ಐ ಆಮ್ ಸ್ಯಾಡ್.’ ಸತ್ತವರ ಮನೆಗೆ ಬರೆದ ಹಾಗೆ. ಟೀ ಆರಿತು. ಅಂಗಡಿಯ ಬಾಗಿಲು ಅರ್ಧ ಇಳಿಸಿ ಇಡೀ ಮಧ್ಯಾಹ್ನ ಒಂದು ವಾಕ್ಯಕ್ಕೆ ಒದ್ದಾಡಿದೆ.

ಕೊನೆಗೆ ರೇಗಿತು. ಕನ್ನಡದಲ್ಲಿ ಬರೆದೆ. ಬರೆದದ್ದನ್ನು ಮತ್ತೆ ಓದಿದರೆ ಕಳಿಸುವುದಿಲ್ಲ ಅಂತ ಗೊತ್ತಿತ್ತು, ಓದದೆ ಕಳಿಸಿದೆ. ಕಳಿಸಿದ ಮೇಲೆ ಓದಿದೆ—

‘ನೀನು ಹೋಗೋದು ನನಗೆ ಇಷ್ಟ ಇಲ್ಲ. ಅವತ್ತೇ ಅಂಗಡೀಲಿ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ದೊಡ್ಡಮ್ಮನಿಗೆ ಬರೆದದ್ದು ತಪ್ಪು ಪದ, ನನಗೆ ಇಂಗ್ಲಿಷ್ ಅಷ್ಟೆಲ್ಲ ಬರಲ್ಲ. ಅಲ್ಲೇ ಓದ್ತೀನಿ ಅಂದ್ರೆ ಓದು, ಬೇಡ ಅನ್ನಲ್ಲ. ಆದ್ರೆ ನನಗೆ ಸಂತೋಷ ಅಂತ ತಿಳ್ಕೊಂಡು ಹೋಗಬೇಡ. ಕನ್ನಡಕದ ಸ್ಕ್ರೂ ಸಡಿಲ ಆದ್ರೆ ಅಲ್ಲಿ ಯಾರ ಕೈಗೂ ಕೊಡಬೇಡ, ಸ್ಕ್ರೂ ತಿರುಗೋ ತೂತು ಹಾಳು ಮಾಡ್ತಾರೆ. ಫೋನ್ ಮಾಡು, ನಾನೇ ಬರ್ತೀನಿ.’

ಓದಿದ್ದಾಳೆ. ಫೋನು ಹಾಗೆ ತೋರಿಸುತ್ತಿದೆ. ಉತ್ತರವಿಲ್ಲ.

ಮಾರ್ಚ್ 26

ಉತ್ತರ ಬಂತು. ಒಂದೇ ಅಕ್ಷರ, ಇಂಗ್ಲಿಷಿನದು.

ಕೆ.

ಕೆ ಅಂದರೆ? ಓಕೆಯಾ? ಓಕೆ ಅನ್ನಲು ಇನ್ನೊಂದು ಅಕ್ಷರ ಒತ್ತಲಾರದಷ್ಟು ಅವಸರವಾ? ಅಷ್ಟು ಕೋಪವಾ? ಅಥವಾ ಇನ್ನೇನೋ ಬರೆಯಲು ಹೊರಟು ಕೈ ತಪ್ಪಿ ಹೋಯಿತಾ? ಹೆಂಡತಿಗೆ ಫೋನ್ ಮಾಡಿ ಕೇಳಿದೆ. “ನನಗೂ ಅದನ್ನೇ ಕಳಿಸ್ತಾಳೆ ಕಣ್ರೀ” ಅಂದಳು. ಸಮಾಧಾನ ಆಗಬೇಕಾ ಬೇಡವಾ?

ಮೇಷ್ಟ್ರು ಊರಿಂದ ಬಂದವರು ನೇರ ಅಂಗಡಿಗೇ ಬಂದರು. ತಮ್ಮನ ಮನೆಯ ಸೋಫಾದ ಮೇಲೆ ಕೂತರಂತೆ, ಫ್ರೇಮು ಎರಡು ತುಂಡು. ಕೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಇದು ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ” ಅಂದರು.

ಮಾರ್ಚ್ 28

ಹೆಂಡತಿ ಫೋನ್ ಮಾಡಿದ್ದಳು. ನಾಳೆ ಸಂಜೆ ಇಬ್ಬರೂ ಬರುತ್ತಾರೆ. ಕಾಲೇಜು ಬಹಳ ಚೆನ್ನಾಗಿದೆಯಂತೆ, ಅಕ್ಕ ಕೋಣೆಗೆ ಹೊಸ ಪರದೆ ಹಾಕಿಸಿದ್ದಾರಂತೆ.

“ಹೆಸರು ಕೊಟ್ರಾ?”

“ಇಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದ್ಲು. ಉಳಿದ ಸಾಮಾನು ತಗೊಂಡು ಹೋಗೋಕೆ ಬರ್ತಿದಾಳೋ, ಇರೋಕೆ ಬರ್ತಿದಾಳೋ, ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ.”

ಮನೆ ಗುಡಿಸಿದೆ. ನೀಲಿ ಅಂಚಿನ ತಟ್ಟೆ ಎಲ್ಲೂ ಸಿಗಲಿಲ್ಲ, ಹಸಿರು ಅಂಚಿನದು ತಂದೆ.

ಮಾರ್ಚ್ 29, ರಾತ್ರಿ ಊಟಕ್ಕೆ ಮುಂಚೆ

ಒಂದು ಗಂಟೆ ಮೊದಲೇ ಬಸ್ ನಿಲ್ದಾಣಕ್ಕೆ ಹೋದೆ. ಹೋಗಿ ತಪ್ಪು ಗೇಟಿನಲ್ಲಿ ನಿಂತೆ. ಫೋನು ಅಂಗಡಿಯಲ್ಲೇ ಮರೆತಿದ್ದೆ. ಎಲ್ಲ ಬಸ್ಸೂ ಬಂದವು, ಅವರದು ಬರಲಿಲ್ಲ. ಬಸ್ಸು ಕೆಟ್ಟಿತೋ, ಅಲ್ಲೇ ಉಳಿದರೋ ಅಂತ ಜೀವ ಬಾಯಿಗೆ ಬಂತು. ಕೊನೆಗೆ ಯಾರನ್ನೋ ಕೇಳಿ ಆ ಕಡೆಯ ಗೇಟಿಗೆ ಓಡಿದರೆ, ಸೂಟ್‌ಕೇಸಿನ ಮೇಲೆ ಕೂತಿದ್ದಾಳೆ ಹುಡುಗಿ. ಹೆಂಡತಿ ಪಕ್ಕದಲ್ಲಿ. ನಿಲ್ದಾಣ ಖಾಲಿ.

ನನ್ನನ್ನು ನೋಡಿದವಳೇ ಎದ್ದಳು.

“ಎಲ್ಲಿ ಹೋಗಿದ್ದೆ? ಫೋನ್ ಯಾಕೆ ಎತ್ತಲ್ಲ? ನಾವಿಲ್ಲಿ ಬೇರು ಬಿಟ್ವಿ! ನಿನಗೇನಾಯ್ತೋ ಅಂತ ಅಮ್ಮ ಎಷ್ಟು ಹೆದರಿದ್ಲು ಗೊತ್ತಾ?”

ಹೋಗಿದ್ದೆ. ನಿನಗೆ.

ನಾನು ಸೂಟ್‌ಕೇಸು ಎತ್ತಿಕೊಂಡೆ. ಹೆಂಡತಿ ನನ್ನ ಕಡೆ ನೋಡಿದಳು, ಬೇಗ ಬೇರೆ ಕಡೆ ನೋಡಿದಳು. ಹುಡುಗಿಗೆ ತಾನು ಏನಂದೆ ಅಂತ ಗೊತ್ತೇ ಆಗಲಿಲ್ಲ ಅನ್ನಿಸುತ್ತದೆ. ಇನ್ನೂ ಬೈಯುತ್ತಲೇ ಇದ್ದಳು, ಆಟೋ ಹತ್ತುವ ತನಕ. ಎಲ್ಲ ಏಕವಚನದಲ್ಲಿ.

ಆದರೆ ಈಗ ಕೂತು ಯೋಚಿಸಿದರೆ ಮತ್ತೆ ಗೊಂದಲ. ಮನೆಯವರನ್ನು ನೀನು ಅನ್ನುತ್ತಾರೆ. ನಿಜ. ಬೀದಿಯಲ್ಲಿ ಜಗಳಕ್ಕೆ ನಿಂತವರನ್ನೂ ನೀನು ಅನ್ನುತ್ತಾರೆ. ಇದು ಯಾವ ನೀನು? ಇಷ್ಟು ದಿನ ಪರಭಾಷೆಯದು ಗೊತ್ತಾಗಲಿಲ್ಲ, ಈಗ ನನ್ನದೇ ಭಾಷೆಯದೂ ಕೈಗೆ ಸಿಗುತ್ತಿಲ್ಲ.

ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದೆ. “ನನ್ನನ್ನ ದಿನಾ ಹಂಗೇ ಬೈತಾಳಲ್ಲ, ನಾನೇನು ಬೀದಿಯವಳಾ?” ಅಂದಳು.

ಸೂಟ್‌ಕೇಸು ಇನ್ನೂ ನಡುಮನೆಯಲ್ಲಿದೆ. ಬಿಚ್ಚಿಲ್ಲ.

ಮಾರ್ಚ್ 30, ಬೆಳಿಗ್ಗೆ

ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಒಳಗೆ ಬಂದು ಬರೆಯುತ್ತಿದ್ದೇನೆ. ಅದು ಜೇಬಿನಲ್ಲೇ ಇದೆ.

ಬ್ರೆಡ್ಡು ತಿನ್ನುತ್ತಾ ಕೂತಿದ್ದೆ. ಹುಡುಗಿ ಬಂದು ಕನ್ನಡಕವನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಕಾಲು ಒಂದು ಕಡೆ, ಫ್ರೇಮು ಒಂದು ಕಡೆ. ಸ್ಕ್ರೂ ಬಿದ್ದುಹೋಗಿದೆ.

“ಯಾವಾಗ ಬಿತ್ತು?”

“ಹೋದ ಮಾರನೇ ದಿನಾನೇ.”

“ಮತ್ತೆ ಅಷ್ಟು ದಿನ?”

“ಕೈಯಲ್ಲಿ ಹಿಡ್ಕೊಂಡು ನೋಡ್ತಿದ್ದೆ. ದೊಡ್ಡಮ್ಮ ಅಂಗಡಿಗೆ ಕರೀತಾನೇ ಇದ್ರು. ನೀನೇ ತಾನೇ ಹೇಳಿದ್ದು, ಯಾರ ಕೈಗೂ ಕೊಡಬೇಡ ಅಂತ?”

ಕಾಲೇಜನ್ನೆಲ್ಲ ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು ನೋಡಿದ್ದಾಳೆ.

“ಬೇಗ ಹಾಕ್ಕೊಡು. ಹನ್ನೆರಡಕ್ಕೆ ಕಾಲೇಜಿನ ಆಫೀಸು ಮುಚ್ತಾರೆ, ಹೆಸರು ಕೊಡಬೇಕು.”

“ಯಾವ ಕಾಲೇಜು?”

“ಇನ್ಯಾವುದು? ನಮ್ಮ ರಸ್ತೆ ಕೊನೇದು. ಬರ್ತೀಯ ತಾನೇ? ಯಾರಾದ್ರೂ ದೊಡ್ಡೋರು ಜೊತೇಲಿ ಇರಬೇಕಂತೆ.”

ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ಭುಜ ಅಲುಗುತ್ತಿತ್ತು. ನಾನು ಎದ್ದು ಇಲ್ಲಿಗೆ ಬಂದೆ.

ಇದು ಗ್ಲ್ಯಾಡ್ ಅಲ್ಲ, ಆದರೆ ಇದರಲ್ಲಿ ‘ಸದ್ಯ!’ ಇದೆ, ಬೇಕಾದಷ್ಟಿದೆ. ಹ್ಯಾಪಿ? ಅದು ಕೇಕಿನ ಮೇಲಿನದು. ಡಿಲೈಟೆಡ್ ಅಂತ ಇನ್ನು ಈ ಜನ್ಮದಲ್ಲಿ ಬರೆಯುವುದಿಲ್ಲ. ಕಂಟೆಂಟ್ ಅಲ್ಲವೇ ಅಲ್ಲ, ನನಗೆ ಸಾಕು ಅನ್ನಿಸುತ್ತಿಲ್ಲ, ಇನ್ನೂ ಬೈಯಲಿ, ಇನ್ನೂ ಕೂಗಲಿ ಅನ್ನಿಸುತ್ತಿದೆ. ಎದೆ ಹಿಗ್ಗಿ ಅಂಗಿ ಬಿಗಿಯಾದ ಹಾಗೆ… ಇದಕ್ಕೆ ಅವರಲ್ಲಿ ಏನನ್ನುತ್ತಾರೋ, ಮೇಷ್ಟ್ರನ್ನು—

ಕೂಗುತ್ತಿದ್ದಾಳೆ. “ಸಿಕ್ತಾ? ಒಳಗೇನು ಮಾಡ್ತಾ ಕೂತಿದೀಯ?”

ಬಂದೆ ಗುಂಡಿ, ಬಂ—